ಕೋಟದ ಕಾರಂತರು ಆಟಕ್ಕೆ ಕೈ ಹಾಕಿದ್ದೇಕೆ? ತಿರುಗಾಟ, ಬಣ್ಣ ಮತ್ತು ಇನ್ನೂ ಮುಗಿಯದ ಒಂದು ಜಗಳ

ಕುಂದಾಪುರದಿಂದ ಉಡುಪಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಕೋಟ ಬರುತ್ತದೆ. ಅದು ದಾಟಿ ಎರಡು ಮಾತು ಮುಗಿಯುವುದರೊಳಗೆ ಸಾಲಿಗ್ರಾಮ. ಶಿವರಾಮ ಕಾರಂತರು ಹುಟ್ಟಿದ್ದು ಮೊದಲನೆಯ ಸ್ಟಾಪಿನಲ್ಲಿ, 1902ರ ಅಕ್ಟೋಬರ್ 10ರಂದು. ಬದುಕಿನ ಕೊನೆಯ ದಶಕಗಳನ್ನು ಕಳೆದದ್ದು ಎರಡನೆಯದರಲ್ಲಿ. ನಡುವೆ ಇರುವುದು ಎರಡು-ಮೂರು ಕಿಲೋಮೀಟರ್ ದಾರಿ ಅಷ್ಟೇ. ಆದರೆ ಕಾರಂತರು ಆ ದಾರಿಯನ್ನು ಮುಗಿಸಲು ಮಂಗಳೂರು, ಪುತ್ತೂರು, ಘಟ್ಟದ ಕಾಡು, ಬಾದಾಮಿಯ ಗುಹೆ, ಯುರೋಪು, ದಕ್ಷಿಣ ಅಮೆರಿಕ ಎಲ್ಲ ಸುತ್ತಿಕೊಂಡು ಬಂದರು.

ಈಗಿನ ಶಾಲೆ ಮಕ್ಕಳಿಗೆ ಕಾರಂತರು ಅಂದ್ರೆ ಕ್ವಿಜ್‌ನಲ್ಲಿ ಕೇಳುವ ಪ್ರಶ್ನೆ. 'ಮೂಕಜ್ಜಿಯ ಕನಸುಗಳು', ಜ್ಞಾನಪೀಠ, 1977. ಉತ್ತರ ಸರಿ, ಅಂಕ ಸಿಕ್ಕಿತು, ಮುಗಿಯಿತು. ದೊಡ್ಡವರಿಗೆ 'ಕಡಲ ತೀರದ ಭಾರ್ಗವ', 'ನಡೆದಾಡುವ ವಿಶ್ವಕೋಶ' ಎಂಬ ಬಿರುದುಗಳು ಬಾಯಿಪಾಠ. ಆದರೆ ಇದೇ ಮನುಷ್ಯ ಮೂಕಿ ಸಿನಿಮಾ ತೆಗೆದಿದ್ದರು, ಚಿತ್ರ ಬರೆಯುತ್ತಿದ್ದರು, ಕ್ಯಾಮೆರಾ ಹಿಡಿದು ಶಿಲ್ಪಗಳ ಬೆನ್ನು ಹತ್ತಿದ್ದರು, ಮುದ್ರಣಾಲಯ ನಡೆಸಿದ್ದರು, ಇಳಿ ವಯಸ್ಸಿನಲ್ಲೂ ಗೆಜ್ಜೆ ಕಟ್ಟಿ ಕುಣಿದು ತೋರಿಸುತ್ತಿದ್ದರು. 1948ರಲ್ಲಿ ಬಂದ ಆತ್ಮಕಥೆಗೆ ಅವರೇ ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಹತ್ತು ಎಂದದ್ದು ಲೆಕ್ಕದಲ್ಲಿ ಸ್ವಲ್ಪ ಕಮ್ಮಿಯೇ ಆಯಿತು.

ಇಷ್ಟೆಲ್ಲ ಮುಖಗಳು ಒಂದೇ ಕಡೆ ಕಾಣಬೇಕು ಅಂದ್ರೆ ಕಾದಂಬರಿಗಿಂತ ಮೊದಲು ನೋಡಬೇಕಾದ್ದು ನಮ್ಮೂರಿನ ಆಟವನ್ನು. ಹೊರಗಿನವರು ಯಕ್ಷಗಾನ ಎನ್ನುವುದನ್ನು ಈ ಭಾಗದಲ್ಲಿ ಇವತ್ತಿಗೂ ಆಟ ಎಂದೇ ಹೇಳುವುದು. ಒಂದು ಸಂಗತಿ ಅನೇಕರಿಗೆ ಗೊತ್ತಿಲ್ಲ: ನಲವತ್ತೈದಕ್ಕೂ ಹೆಚ್ಚು ಕಾದಂಬರಿ ಬರೆದ ಈ ಲೇಖಕರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಕಾದಂಬರಿಗೂ ಅಲ್ಲ. 'ಯಕ್ಷಗಾನ ಬಯಲಾಟ' ಎಂಬ ಸಂಶೋಧನಾ ಗ್ರಂಥಕ್ಕೆ.

ಕಾಲೇಜು ಬಿಟ್ಟು ಹಳ್ಳಿ ಸುತ್ತಿದ ಹುಡುಗ

ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಬಂತು. ಓದು ಅಲ್ಲಿಗೇ ನಿಂತಿತು. ಖಾದಿ, ಸ್ವದೇಶಿ ಪ್ರಚಾರ ಎಂದು ಹಳ್ಳಿಹಳ್ಳಿ ತಿರುಗಾಟ ಶುರುವಾಯಿತು. 'ವಸಂತ' ಎಂಬ ಪತ್ರಿಕೆ ಹೊರಡಿಸಿದರು, ನಾಟಕ ಬರೆದರು, ಆಡಿಸಿದರು. ಡಿಗ್ರಿ ಸಿಗಲಿಲ್ಲ. ಮುಂದೆ ಎಂಟು ವಿಶ್ವವಿದ್ಯಾಲಯಗಳು ಮನೆ ಬಾಗಿಲಿಗೆ ಗೌರವ ಡಾಕ್ಟರೇಟ್ ತಂದುಕೊಟ್ಟವು, ಅದು ಬೇರೆ ಮಾತು.

ಆ ತಿರುಗಾಟದ ಫಲ ಬರವಣಿಗೆಯಲ್ಲಿ ನೇರವಾಗಿ ಕಾಣುತ್ತದೆ. 1933ರ 'ಚೋಮನ ದುಡಿ'ಯ ಚೋಮ ತನ್ನದೇ ಒಂದು ತುಂಡು ಗದ್ದೆ ಉಳಬೇಕೆಂದು ಆಸೆ ಪಟ್ಟ ದಲಿತ ಜೀತಗಾರ. ಜಾತಿ ಆ ಆಸೆಗೆ ಅಡ್ಡ ನಿಂತಿತು. ಸಿಟ್ಟು ಬಂದಾಗ, ದುಃಖ ಬಂದಾಗ ಅವನಿಗೆ ಇದ್ದದ್ದು ದುಡಿಯೊಂದೇ. ಆ ಕಾದಂಬರಿಯನ್ನು ಐದೇ ದಿನಗಳಲ್ಲಿ ಬರೆದು ಮುಗಿಸಿದ್ದಾಗಿ ಕಾರಂತರು ಹೇಳಿಕೊಂಡಿದ್ದಾರೆ. ಬರೆಯಲು ಐದು ದಿನ ಸಾಕಾಗಿರಬಹುದು, ನೋಡಲು ಹತ್ತು ವರ್ಷ ಹಿಡಿದಿತ್ತು.

ಉಳಿದ ಕಾದಂಬರಿಗಳ ಹಿಂದೆಯೂ ಹೀಗೇ ಒಂದೊಂದು ಊರು ಇದೆ. 'ಮರಳಿ ಮಣ್ಣಿಗೆ'ಯ ರಾಮ ಐತಾಳರ ಮನೆ ಇರುವುದು ಕೋಟದ ಆಚೆ, ಒಂದು ಬದಿ ಹೊಳೆ ಇನ್ನೊಂದು ಬದಿ ಕಡಲು ಇರುವ ಕೋಡಿಯಲ್ಲಿ. 'ಬೆಟ್ಟದ ಜೀವ'ದ ಗೋಪಾಲಯ್ಯನವರು ಸುಬ್ರಹ್ಮಣ್ಯದ ಕಡೆಯ ಘಟ್ಟದ ಬುಡದವರು. 'ಕುಡಿಯರ ಕೂಸು' ಮಲೆಕುಡಿಯರ ನಡುವೆ ನಡೆಯುವ ಕಥೆ. ಇದರಲ್ಲಿ ಯಾವುದನ್ನೂ ಮನೆಯ ಜಗಲಿಯಲ್ಲಿ ಕೂತು ಬರೆಯುವುದು ಸಾಧ್ಯ ಇರಲಿಲ್ಲ.

ಹೋಗು, ಕಣ್ಣಾರೆ ನೋಡು, ಆಮೇಲೆ ನಿನ್ನ ಕೈಯಾರೆ ಮಾಡಿ ನೋಡು. ಅವರ ಪಾಠ ಇಷ್ಟೇ ಇದ್ದದ್ದು. ಸಿನಿಮಾ ಎಂಬುದು ಹೊಸತಾಗಿದ್ದ ಕಾಲದಲ್ಲಿ, 1930ರ ಆಸುಪಾಸು, 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತಯಾರಿಸಿದ್ದೂ ಈ ಹಠದಿಂದಲೇ. ಸಿನಿಮಾದ ನಂಟು ಅಲ್ಲಿಗೆ ಬಿಡಲಿಲ್ಲ. 1975ರಲ್ಲಿ ಬಿ.ವಿ. ಕಾರಂತರು 'ಚೋಮನ ದುಡಿ'ಯನ್ನು ತೆರೆಗೆ ತಂದು ಸ್ವರ್ಣಕಮಲ ಗೆದ್ದರು. ಅದಾಗಿ ಮೂರು ವರ್ಷಕ್ಕೆ, 75 ದಾಟಿದ ಮೇಲೆ, ಶಿವರಾಮ ಕಾರಂತರು ಸ್ವತಃ ನಿರ್ದೇಶಕರಾಗಿ 'ಕುಡಿಯರ ಕೂಸು' ಕಥೆಯನ್ನು 'ಮಲೆಯ ಮಕ್ಕಳು' ಎಂದು ಸಿನಿಮಾ ಮಾಡಿದರು. ಆ ವಯಸ್ಸಿಗೆ ನಮ್ಮಲ್ಲಿ ಹೆಚ್ಚಿನವರು ಮೊಮ್ಮಕ್ಕಳಿಗೆ ಟಿವಿ ಸೌಂಡು ಕಮ್ಮಿ ಮಾಡಿ ಎಂದು ಹೇಳಿಕೊಂಡಿರುತ್ತಾರೆ.

ಪುತ್ತೂರಿನ ಬಾಲವನ

ಕಾರಂತರ ದುಡಿಮೆಯ ಮುಖ್ಯ ಕಾಲ ಕಳೆದದ್ದು ಪುತ್ತೂರಿನಲ್ಲಿ, ಸುಮಾರು 40 ವರ್ಷ. ಪರ್ಲಡ್ಕದ ಗುಡ್ಡದ ಮೇಲೆ ಅವರು ಕಟ್ಟಿದ ಬಾಲವನ ಮನೆಯೂ ಹೌದು, ಪ್ರಯೋಗಶಾಲೆಯೂ ಹೌದು. ಮಕ್ಕಳಿಗೆ ಹೊಡೆದು ಬಡಿದು ಕಲಿಸುವ ಬದಲು ಆಡಿಸಿ, ಕುಣಿಸಿ, ತೋರಿಸಿ ಕಲಿಸಬೇಕೆಂಬುದು ಅವರ ಯೋಚನೆ. ಮಕ್ಕಳಿಗೆ ಓದಲು ಕನ್ನಡದಲ್ಲಿ ಜ್ಞಾನಕೋಶವೇ ಇಲ್ಲವಲ್ಲ ಎಂದಾಗ ತಾವೇ ಕೂತು ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ಅದು ಬಂದದ್ದು 1936ರಲ್ಲಿ. ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬಂತು. ಪುಸ್ತಕ ಅಚ್ಚು ಹಾಕಿಸಲು ತೊಂದರೆ ಎಂದಾಗ ಪ್ರೆಸ್ಸನ್ನೇ ಇಟ್ಟರು, ಮುಖಪುಟದ ಚಿತ್ರವನ್ನೂ ಬರೆದರು.

ಲೀಲಾ ಅವರ ಜತೆ ಮದುವೆಯಾದದ್ದೂ 1936ರಲ್ಲೇ. ಕೋಟ ಬ್ರಾಹ್ಮಣರ ಹುಡುಗ, ಬಂಟರ ಮನೆಯ ಹುಡುಗಿ. ಆ ಕಾಲಕ್ಕೆ ಅದು ಊರೆಲ್ಲ ಮಾತಾಡುವ ಸುದ್ದಿ. ಕಾರಂತರು ನಾಟಕ, ಕುಣಿತ ಕಲಿಸುತ್ತಿದ್ದ ದಿನಗಳ ಪರಿಚಯ ಅದು. ಲೀಲಾ ಕಾರಂತರೂ ವೇದಿಕೆಯಲ್ಲಿ ಕುಣಿದರು. ಹೆಂಗಸರು ರಂಗಕ್ಕೆ ಬರುವುದೇ ಅಪರೂಪವಾಗಿದ್ದ ದಿನಗಳವು.

ಪುತ್ತೂರಿನ ಇನ್ನೊಂದು ನೆನಪು ದಸರಾ ನಾಡಹಬ್ಬ. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರೂ ಕಾರಂತರೂ ಸೇರಿ ನಡೆಸಿದ ಈ ಹಬ್ಬಕ್ಕೆ ಕನ್ನಡದ ದೊಡ್ಡ ದೊಡ್ಡ ಸಾಹಿತಿಗಳು ಆ ಸಣ್ಣ ಪೇಟೆಗೆ ಬಂದು ಹೋಗುತ್ತಿದ್ದರು. ಬಾಲವನ ಈಗಲೂ ಇದೆ. ಪುತ್ತೂರಿಗೆ ಹೋದವರು ಒಮ್ಮೆ ಹತ್ತಿ ನೋಡಬಹುದು.

ದೀವಟಿಗೆಯ ಬಣ್ಣ, ಟ್ಯೂಬ್‌ಲೈಟಿನ ಬಣ್ಣ

ಈಗ ಆಟದ ವಿಚಾರ. ಕೋಟದಲ್ಲಿ ಹುಟ್ಟಿದ ಹುಡುಗನಿಗೆ ಆಟ ಹೊಸತೇನಲ್ಲ. ಸುತ್ತ ಮಂದಾರ್ತಿ, ಮಾರಣಕಟ್ಟೆ, ಅಮೃತೇಶ್ವರಿ ಎಂದು ದೇವಸ್ಥಾನಕ್ಕೊಂದು ಮೇಳ ಇರುವ ಸೀಮೆ ಇದು. ಆದರೆ ನಾಲ್ಕು ಕಡೆ ಚಿತ್ರ, ಶಿಲ್ಪ, ನಾಟಕ ಎಲ್ಲ ನೋಡಿ ಬಂದು ಮತ್ತೆ ಊರಿನ ಆಟದ ಎದುರು ಕೂತಾಗ ಕಾರಂತರಿಗೆ ಎರಡು ಸಂಗತಿ ಒಟ್ಟೊಟ್ಟಿಗೆ ಕಂಡವು. ಒಂದು, ಇಷ್ಟು ಪೂರ್ಣವಾದ ಕಲೆ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ: ಹಾಡು, ಕುಣಿತ, ಬಣ್ಣ, ಮಾತು, ಕಥೆ ಎಲ್ಲವೂ ಒಂದೇ ರಂಗಸ್ಥಳದಲ್ಲಿ. ಇನ್ನೊಂದು, ಅದು ಕಣ್ಣೆದುರೇ ಹಾಳಾಗುತ್ತಿದೆ.

ಹಾಳಾಗುತ್ತಿದೆ ಎಂದರೆ ಏನು? ಮೊದಲಿಗೆ ಬಣ್ಣ ನೋಡಿ. ಬಡಗುತಿಟ್ಟಿನ ಹಳೆಯ ವೇಷದಲ್ಲಿ ಕೆಂಪು, ಕಪ್ಪು, ಹಳದಿ ಇವೇ ಮುಖ್ಯ. ಚೌಕುಳಿಯ ಕಸೆ ಸೀರೆ, ಕೇದಗೆ ಮುಂದಲೆ, ಪದರ ಪದರವಾಗಿ ಸುತ್ತಿದ ಮುಂಡಾಸು, ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದ ಎದೆಕಟ್ಟು, ಭುಜಕೀರ್ತಿ. ಇದೆಲ್ಲ ಹುಟ್ಟಿದ್ದು ದೀವಟಿಗೆಯ ಬೆಳಕಿಗೆ. ಬೆಂಕಿ ಅಲ್ಲಾಡಿದ ಹಾಗೆ ಬೇಗಡೆ ಮಿನುಗುತ್ತದೆ, ಕೆಂಪು ಗಾಢವಾಗುತ್ತದೆ, ಕಪ್ಪು ಕತ್ತಲೆಯ ಜತೆ ಬೆರೆಯುತ್ತದೆ. ವೇಷ ಮನುಷ್ಯನಿಗಿಂತ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಗ್ಯಾಸ್‌ಲೈಟ್ ಬಂತು, ಕರೆಂಟು ಬಂತು. ಪೇಟೆಯ ನಾಟಕ ಕಂಪನಿಗಳ ಮಖಮಲ್ಲು, ಜರಿ, ಮಿನುಗುವ ಬಟ್ಟೆಯೂ ಚೌಕಿಯ ಒಳಗೆ ಬಂತು. ಎಲ್ಲ ಕಡೆಯಿಂದ ಒಂದೇ ಸಮನೆ ಬೆಳಕು ಬಿದ್ದಾಗ ವೇಷದ ಆಕಾರ ಕಾಣುವುದಿಲ್ಲ, ಬಟ್ಟೆಯ ಹೊಳಪು ಮಾತ್ರ ಕಾಣುತ್ತದೆ. ಚಿತ್ರಕಾರನ ಕಣ್ಣು ಇದ್ದವರಿಗೆ ಇದು ಸಹಿಸಲಾಗದ ಮಾತು. ಕಾರಂತರು ಹಳೆಯ ವೇಷಗಳನ್ನು ಹುಡುಕಿದರು, ಮುಂಡಾಸು, ಕಿರೀಟ, ಮುಖವರ್ಣಿಕೆಗಳ ಚಿತ್ರ ಬರೆದಿಟ್ಟರು. ತಮ್ಮ ಪ್ರಯೋಗಗಳಲ್ಲಿ ಆ ಬಣ್ಣಗಳನ್ನೇ ಮತ್ತೆ ತಂದರು. ಅವರ ಪುಸ್ತಕದಲ್ಲಿ ಚಿತ್ರಗಳು ಅಲಂಕಾರಕ್ಕೆ ಇಟ್ಟದ್ದಲ್ಲ, ಸಾಕ್ಷಿಗೆ ಇಟ್ಟದ್ದು.

ಎರಡನೆಯದು ರಾಗ. ಹಳೆಯ ಪ್ರಸಂಗದ ಓಲೆಗರಿ, ಕೈಬರಹಗಳಲ್ಲಿ ಪದ್ಯದ ತಲೆಯ ಮೇಲೆ ಇಂಥ ರಾಗ, ಇಂಥ ತಾಳ ಎಂದು ಬರೆದಿರುತ್ತದೆ. ಅವನ್ನೆಲ್ಲ ಒಟ್ಟು ಮಾಡಿ ನೋಡಿದರೆ ರಾಗಗಳ ಹೆಸರು ಸಾಲು ಸಾಲು. ಆದರೆ ಹಾಡುವ ಭಾಗವತರ ಬಾಯಲ್ಲಿ ಉಳಿದದ್ದು ಅದರಲ್ಲಿ ಕೆಲವು ಮಾತ್ರ. ಹೆಸರು ಕಾಗದದಲ್ಲಿದೆ, ಸ್ವರ ಗಾಳಿಗೆ ಹೋಗಿದೆ. ಹಿರಿಯ ಭಾಗವತರು ಒಬ್ಬೊಬ್ಬರು ತೀರಿಕೊಂಡ ಹಾಗೆ ಇನ್ನಷ್ಟು ಹೋಗುತ್ತದೆ. ಆದ್ದರಿಂದ ಕಾರಂತರು ಹಿರಿಯ ಕಲಾವಿದರ ಬೆನ್ನು ಬಿದ್ದರು. ಹಾಡಿಸಿದರು, ಕುಣಿಸಿದರು, ಕೇಳಿ ಕೇಳಿ ಬರೆದುಕೊಂಡರು. ನೀಲಾವರ ರಾಮಕೃಷ್ಣಯ್ಯನವರ ಭಾಗವತಿಕೆ, ಹಿರಿಯಡಕ ಗೋಪಾಲ ರಾಯರ ಮದ್ದಳೆಯಂಥ ಹಿರಿಯರ ವಿದ್ಯೆ ಅವರ ಪ್ರಯೋಗಗಳಿಗೆ ಒದಗಿ ಬಂತು.

ಈ ಹುಡುಕಾಟದಲ್ಲಿ ಜಗಳವೂ ಬಂತು. ಯಕ್ಷಗಾನದ ಆದಿಕವಿ ಎಂದು ಕುಂಬಳೆ ಸೀಮೆಯವರು ಗೌರವಿಸುವ ಪಾರ್ತಿಸುಬ್ಬನ ಬಗ್ಗೆಯೇ ಕಾರಂತರು ಸಂಶಯ ಎತ್ತಿದರು. ಆ ಕಡೆಯ ವಿದ್ವಾಂಸರು ಸುಮ್ಮನೆ ಬಿಡಲಿಲ್ಲ, ಆಧಾರ ಹಿಡಿದುಕೊಂಡೇ ಗಟ್ಟಿಯಾಗಿ ಉತ್ತರ ಕೊಟ್ಟರು. ಕಾರಂತರು ಹೇಳಿದ್ದೆಲ್ಲ ವೇದವಾಕ್ಯ ಎಂದು ಆಗಲೂ ಯಾರೂ ಒಪ್ಪಿರಲಿಲ್ಲ, ಈಗಲೂ ಒಪ್ಪಬೇಕಾಗಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಯಿಂದಾಗಿ ಎರಡೂ ಕಡೆಯವರು ಓಲೆಗರಿ ಬಿಚ್ಚಿ ಓದಿದರು.

ಮಾತು ತೆಗೆದರೆ ಉಳಿಯುವುದೇನು?

ಆಟದ ಕ್ರಮ ಎಲ್ಲರಿಗೂ ಗೊತ್ತು. ಭಾಗವತರು ಪದ್ಯ ಹೇಳುತ್ತಾರೆ, ಚಂಡೆ ಮದ್ದಳೆಗೆ ವೇಷಧಾರಿ ಕುಣಿಯುತ್ತಾನೆ, ಆಮೇಲೆ ಅದೇ ಪದ್ಯಕ್ಕೆ ಸ್ಥಳದಲ್ಲೇ ಮಾತು ಕಟ್ಟಿ ಅರ್ಥ ಹೇಳುತ್ತಾನೆ. ಹೀಗೆ ಬೆಳಗಿನ ತನಕ. ಊರಿನವರಿಗೆ ಇದು ಸರಿ. ಕನ್ನಡ ಬಾರದವರ ಎದುರು ಆಡುವುದಾದರೆ ಏನು ಮಾಡುವುದು?

ಕಾರಂತರು ಮಾಡಿದ್ದು ಇಷ್ಟು. ಮಾತನ್ನು ತೆಗೆದರು. ಬೆಳಗಿನ ತನಕ ಹೋಗುವ ಪ್ರಸಂಗವನ್ನು ಎರಡು-ಮೂರು ಗಂಟೆಗೆ ಇಳಿಸಿದರು. ಕಥೆ ಹೇಳುವ ಹೊಣೆಯನ್ನು ಪೂರ್ತಿಯಾಗಿ ಹಾಡಿಗೂ ಕುಣಿತಕ್ಕೂ ಒಪ್ಪಿಸಿದರು. ಹಾಡಿನ ಮೇಲೆ ಅಷ್ಟು ಭಾರ ಬಿದ್ದ ಮೇಲೆ ಹಿಮ್ಮೇಳಕ್ಕೆ ಬಲ ಬೇಕಲ್ಲ? ಪಿಟೀಲು, ಸ್ಯಾಕ್ಸೋಫೋನ್ ತಂದು ಕೂರಿಸಿದರು. ಅಭಿಮನ್ಯು, ನಳದಮಯಂತಿ, ಪಂಚವಟಿಯಂಥ ಕಥೆಗಳು ಈ ಹೊಸ ರೂಪದಲ್ಲಿ ರಂಗಕ್ಕೆ ಬಂದವು. ಅದನ್ನು ಅವರು ಯಕ್ಷಗಾನ ಬ್ಯಾಲೆ ಎಂದರು, ತಂಡವನ್ನು ಯಕ್ಷರಂಗ ಎಂದರು.

ಪ್ರವಾಸ ಇಲ್ಲಿ ಕೆಲಸಕ್ಕೆ ಬಂತು. 1950ರ ದಶಕದ ಯುರೋಪು ಪ್ರವಾಸದ ಕಥನ 'ಅಪೂರ್ವ ಪಶ್ಚಿಮ'. ದಕ್ಷಿಣ ಅಮೆರಿಕದ ಕಡೆ ಹೋಗಿ ಬಂದದ್ದನ್ನು 'ಪಾತಾಳಕ್ಕೆ ಪಯಣ' ಎಂದರು. ಭೂಮಿಯ ಗೋಲದಲ್ಲಿ ನಮ್ಮ ಕಾಲಡಿಗೆ ಬರುವ ದೇಶ ಅಲ್ಲವೇ ಎಂಬ ತಮಾಷೆ ಆ ಹೆಸರಿನಲ್ಲಿದೆ. ಮೂರನೆಯ ಪುಸ್ತಕದ ಹೆಸರೇ 'ಯಕ್ಷರಂಗಕ್ಕಾಗಿ ಪ್ರವಾಸ'. ಮೊದಲು ಬೇರೆಯವರದ್ದನ್ನು ನೋಡಲು ಹೋದ ಮನುಷ್ಯ ಕೊನೆಗೆ ನಮ್ಮದನ್ನು ತೋರಿಸಲು ಹೋದರು. ಮಾತು ಗೊತ್ತಿಲ್ಲದವರೂ ಚಕ್ರವ್ಯೂಹದ ಒಳಗೆ ಸಿಕ್ಕಿಬಿದ್ದ ಹುಡುಗನನ್ನು ನೋಡಿ ಅರ್ಥ ಮಾಡಿಕೊಳ್ಳಬೇಕು ಎಂಬುದು ಅವರ ಆಸೆ.

ಊರಿನಲ್ಲಿ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಮಾತಿಲ್ಲದ ಮೇಲೆ ಅದೆಂಥ ಆಟ ಮಾರಾಯ್ರೆ ಎಂದವರು ಬಹಳ ಮಂದಿ. ಆ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಕುಣಿತ, ವೇಷ ಎರಡನ್ನೂ ಬಿಟ್ಟು ಬರೀ ಮಾತಿನ ಮೇಲೆ ನಿಂತ ತಾಳಮದ್ದಳೆ ನಮ್ಮಲ್ಲೇ ಇದೆ. ಕರ್ಣ, ವಾಲಿ, ಭೀಷ್ಮರು ತಮ್ಮ ಪರ ತಾವೇ ವಾದ ಮಾಡುವುದನ್ನು ಕೇಳಲೆಂದೇ ರಾತ್ರಿಯಿಡೀ ಕೂರುವವರಿಗೆ ಅರ್ಥಗಾರಿಕೆ ಇಲ್ಲದ ಯಕ್ಷಗಾನ ಉಪ್ಪಿಲ್ಲದ ಗಂಜಿ. ಸ್ಯಾಕ್ಸೋಫೋನಿನ ಬಗ್ಗೆ ಕೇಳುವುದೇ ಬೇಡ. ಹಳೆಯ ಬಟ್ಟೆಗಾಗಿ ಅಷ್ಟು ಹಠ ಹಿಡಿದವರು ವಿಲಾಯಿತಿ ವಾದ್ಯ ಹೇಗೆ ತಂದರು ಎಂಬ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಕಾರಂತರ ಲೆಕ್ಕದಲ್ಲಿ ಹಳತು, ಹೊಸತು ಎಂಬುದು ಮುಖ್ಯ ಆಗಿರಲಿಲ್ಲ, ಕಥೆಯ ಭಾವಕ್ಕೆ ಒದಗುತ್ತದೋ ಇಲ್ಲವೋ ಎಂಬುದೇ ಮುಖ್ಯ ಆಗಿತ್ತು. ಒಪ್ಪುವವರು ಒಪ್ಪಿದರು, ಉಳಿದವರು ಬಿಟ್ಟರು. ಮೇಳಗಳು ತಮ್ಮ ದಾರಿಯಲ್ಲಿ ನಡೆದವು, ಕಾರಂತರು ತಮ್ಮ ದಾರಿಯಲ್ಲಿ.

ಒಂದು ತಮಾಷೆ ಎಂದರೆ, ಆಗ ಆಟವನ್ನು ಮೂರು ಗಂಟೆಗೆ ಕತ್ತರಿಸಿದರು ಎಂದು ಬೈಸಿಕೊಂಡದ್ದು ಕಾರಂತರು. ಈಗ ಕಾಲಮಿತಿ ಆಟ ಮಾಮೂಲಾಗಿದೆ. ಸಂಜೆ ಶುರುವಾಗಿ ನಡುರಾತ್ರಿ ಹೊತ್ತಿಗೆ ಮಂಗಳ. ಕಾರಣ ಬೇರೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ಮೈಕಿನ ನಿಯಮ ಇದೆ, ರಾತ್ರಿಯಿಡೀ ಕೂರುವ ಪ್ರೇಕ್ಷಕರೂ ಕಮ್ಮಿ. ಆದರೆ ಪ್ರಸಂಗದಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಭಾಗವತರು ಇವತ್ತು ಚೌಕಿಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವ ಪ್ರಶ್ನೆಯನ್ನು ಕಾರಂತರು ಎಷ್ಟೋ ದಶಕ ಮೊದಲೇ ಎದುರು ಹಾಕಿಕೊಂಡಿದ್ದರು. ಸಮಯ ಕಮ್ಮಿ ಎಂದು ಕತ್ತರಿಸುವುದು ಬೇರೆ, ರಾಗ-ಭಾವ ನೋಡಿ ಕತ್ತರಿಸುವುದು ಬೇರೆ. ಈ ವ್ಯತ್ಯಾಸ ಆಟ ನೋಡುವವರಿಗೆ ಗೊತ್ತಾಗುತ್ತದೆ.

ಕೇಂದ್ರದಲ್ಲಿ ಉಳಿದ ಹೆಜ್ಜೆ

ಕಾರಂತರ ಪ್ರಯೋಗ ಅವರ ಜತೆಗೇ ಮುಗಿಯದ ಹಾಗೆ ನೋಡಿಕೊಂಡವರಲ್ಲಿ ಎಂಜಿಎಂ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಹೆಸರು ಹೇಳಲೇಬೇಕು. 1970ರ ದಶಕದ ಆರಂಭದಲ್ಲಿ ಉಡುಪಿಯಲ್ಲಿ ಶುರುವಾದ ಯಕ್ಷಗಾನ ಕೇಂದ್ರ ಅವರ ಮುತುವರ್ಜಿಯಿಂದ ಬೆಳೆದದ್ದು. ಮನೆತನದಲ್ಲೋ ಮೇಳದಲ್ಲೋ ಸಿಗುತ್ತಿದ್ದ ವಿದ್ಯೆಯನ್ನು ಯಾವ ಮನೆಯ ಮಕ್ಕಳಾದರೂ ಗುರುವಿನ ಎದುರು ನಿಂತು ಕಲಿಯುವ ಹಾಗಾಯಿತು. ಅಲ್ಲೇ ಕಲಿತು, ಕಾರಂತರ ಯಕ್ಷರಂಗದಲ್ಲಿ ಕುಣಿದು, ಮುಂದೆ ಅಲ್ಲೇ ಗುರುವಾದ ಬನ್ನಂಜೆ ಸಂಜೀವ ಸುವರ್ಣರನ್ನು ಜಿಲ್ಲೆಯಲ್ಲಿ ತಿಳಿಯದವರು ಕಮ್ಮಿ. ದೀವಟಿಗೆ ಬೆಳಕಿನ ಆಟ ಎಂದು ಎಲ್ಲಾದರೂ ಬೋರ್ಡು ಕಂಡರೆ ಬಿಡದೆ ಹೋಗಿ ನೋಡಬೇಕು. ಮೇಲೆ ಹೇಳಿದ ಕೆಂಪು-ಕಪ್ಪಿನ ಲೆಕ್ಕ ಓದಿ ತಿಳಿಯುವುದಕ್ಕಿಂತ ಅಲ್ಲಿ ಐದು ನಿಮಿಷ ಕೂತರೆ ಹೆಚ್ಚು ತಿಳಿಯುತ್ತದೆ.

ಕಾರಂತರದ್ದು ಯಾರಿಗೂ ಬಗ್ಗುವ ಜಾಯಮಾನ ಅಲ್ಲ. 1968ರಲ್ಲಿ ಬಂದ ಪದ್ಮಭೂಷಣವನ್ನು 1975ರ ತುರ್ತು ಪರಿಸ್ಥಿತಿ ವಿರೋಧಿಸಿ ವಾಪಸ್ ಕೊಟ್ಟರು. ಕೈಗಾ ಅಣುಸ್ಥಾವರದ ವಿರುದ್ಧ ದನಿ ಎತ್ತಿದರು, 1989ರಲ್ಲಿ 87ನೆಯ ವಯಸ್ಸಿಗೆ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸೋತದ್ದಕ್ಕೆ ಅತ್ತವರಲ್ಲ.

ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 25ರಂದು. ಆ ವರ್ಷದ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಾರಂತರು ತೀರಿಕೊಂಡರು. ಬದುಕಿನುದ್ದಕ್ಕೂ ದಕ್ಷಿಣ ಕನ್ನಡದವರಾಗಿದ್ದ ಅವರು ಕೊನೆಯ ಮೂರೂವರೆ ತಿಂಗಳು ಮಾತ್ರ ಉಡುಪಿ ಜಿಲ್ಲೆಯವರು. ಹುಟ್ಟೂರು ಕೋಟತಟ್ಟಿನಲ್ಲಿ ಈಗ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಅಲ್ಲಿಗೆ ಬರುವ ಮಕ್ಕಳಿಗೆ ಅವರು ಕಾರಂತಜ್ಜ.

ಆ ಅಜ್ಜ 95ನೆಯ ವಯಸ್ಸಿನಲ್ಲಿ ಕೂತು ಕೆಲಸ ಮಾಡಿದ್ದು ಹಕ್ಕಿಗಳ ಬಗ್ಗೆ ಒಂದು ಪುಸ್ತಕಕ್ಕಾಗಿ. ಅದು ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ, 2002ರಲ್ಲಿ, ಸಾಗರದ ಮನೋಹರ ಗ್ರಂಥ ಪ್ರಕಾಶನದಿಂದ.